ನಗಿಸುವವನ ಭಾನುವಾರಗಳು

ಮಾರ್ಚ್ ೩, ಸೋಮವಾರ

ಟೈಲ್ಸ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ನಾನು ಕೆಲಸ ಮಾಡುವ ಅಂಗಡಿಯ ಡ್ರಾಯರಿನಲ್ಲಿ ಅನಾಥವಾಗಿ ಬಿದ್ದಿತ್ತು. ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಸಂಗತಿಯೊಂದು ಈಗ ನನ್ನ ಪಾಲಿಗೆ ಬಂದಿರುವುದರಿಂದ ಇದಕ್ಕೂ ಒಂದು ಕೆಲಸ ಸಿಕ್ಕಿತು.

ಶನಿವಾರ ಸಂಜೆ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಾ, ತಾನು ಬೇರೆ ಇರುತ್ತೇನೆ ಅಂದಳು. ನನ್ನ ಅಂಗಿಯ ತೋಳನ್ನು ಒಳಕ್ಕೆ ಮಡಚುತ್ತಿದ್ದಳು, ಮಾತಾಡುವಾಗಲೂ ಕೈ ನಿಲ್ಲಲಿಲ್ಲ. ಬೇರೆ ಅಂದರೆ ಎಲ್ಲಿ ಅಂದೆ. ತನ್ನ ಲ್ಯಾಬಿನ ಹತ್ತಿರ ಒಂದು ಕೋಣೆ ನೋಡಿಟ್ಟಿದ್ದಾಳಂತೆ. ಯಾಕೆ ಅಂದೆ. ಸಾಕಾಗಿದೆ ಅಂದಳು. ಅದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ.

ನಾನೇನು ಕುಡುಕನೇ? ಕೈ ಎತ್ತಿದವನೇ? ಇನ್ನೊಬ್ಬಳ ಕಡೆ ಕಣ್ಣು ಹಾಯಿಸಿದವನೇ? ಮನೆಗೆ ಬಂದವರನ್ನು ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿ ಕಳಿಸಿದವನು ನಾನು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮದುವೆಯಾಗಿ ಹನ್ನೊಂದು ವರ್ಷ, ನಮ್ಮ ಮನೆಯಲ್ಲಿ ಒಂದು ಜಗಳ ಆಗಿದ್ದರೆ ಕೇಳಿ. ಅವಳ ಜೊತೆ ಕೆಲಸ ಮಾಡುವ ಯಾರೋ ತಲೆ ಕೆಡಿಸಿರಬೇಕು.

ಮೇ ತಿಂಗಳ ಮೊದಲ ಭಾನುವಾರ ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬುತ್ತದೆ. ಅಕ್ಕ ಆಗಲೇ ಹಾಲ್ ಗೊತ್ತು ಮಾಡಿದ್ದಾಳೆ. ಅಲ್ಲಿಯವರೆಗೆ ಯಾರಿಗೂ ಹೇಳುವುದು ಬೇಡ, ಅತ್ತೆ ಮಾವನ ಸಂತೋಷ ಹಾಳಾಗಬಾರದು ಅಂದವಳು ಇವಳೇ. ಆಗಲಿ ಅಂದೆ. ಎರಡು ತಿಂಗಳ ನಾಟಕ. ಬಣ್ಣ ಹಚ್ಚದೆ ಮಾಡಬೇಕು, ಅಷ್ಟೆ. ಮುಗಿದ ಮೇಲೆ ಪೀಡೆ ತೊಲಗಿತು ಅಂತ ಹಾಯಾಗಿ ಕಾಲು ಚಾಚಿ ಮಲಗುತ್ತೇನೆ.

ಮಾರ್ಚ್ ೯, ಭಾನುವಾರ

ಅಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ಕಂಡವರ ವಿಳಾಸ ಓದಿ ಓದಿ ಕಣ್ಣು ಸವೆಸಿಕೊಂಡರು. ಚಳಿಗಾಲದಲ್ಲಿ ಪೊರೆ ತೆಗೆಸಿದ್ದೇ ತಡ, ಎಲ್ಲವನ್ನೂ ಮತ್ತೆ ಮೊದಲಿನಿಂದ ನೋಡಬೇಕಂತೆ. ಹಾಗಾಗಿ ಸಮಾರಂಭದವರೆಗೆ ಪ್ರತಿ ಭಾನುವಾರ ಎಲ್ಲರೂ ಒಟ್ಟಿಗೆ ಎಲ್ಲಾದರೂ ಹೋಗತಕ್ಕದ್ದು ಅಂತ ಅಕ್ಕನ ಅಪ್ಪಣೆ. ಅವಳು, ಹಲ್ಲಿನ ಡಾಕ್ಟರಾದ ಭಾವ, ಅವರ ಮಗಳು ಗುಬ್ಬಿ, ಅಪ್ಪ, ಅಮ್ಮ, ನಾವಿಬ್ಬರು. ಇವತ್ತು ಕೆರೆ.

ದೋಣಿ ಹತ್ತುವಾಗ ಹೆಂಡತಿಯ ಚಪ್ಪಲಿ ಜಾರಿತು. ಭಾವ ಕೈ ಹಿಡಿದುಕೊಂಡರು. ಬಿಡಿ ಭಾವ, ನಿಂತ ನೀರು ಕಂಡರೆ ಸೊಳ್ಳೆ ಇಳಿಯದೆ ಇರುತ್ತದೆಯೇ ಅಂದೆ. ದೋಣಿ ಅಲ್ಲಾಡುವಷ್ಟು ನಕ್ಕರು. ಲ್ಯಾಬಿನಲ್ಲಿ ಅವಳ ಕೆಲಸ ಜನರ ರಕ್ತ ತೆಗೆಯುವುದು. ಮದುವೆಯಾದ ಹೊಸದರಲ್ಲಿ ನಾನು ಇಟ್ಟ ಹೆಸರು ಸೊಳ್ಳೆ. ಈಗ ಇಡೀ ಮನೆಯವರ ಬಾಯಲ್ಲಿ ಅದೇ ನಿಂತಿದೆ, ಗುಬ್ಬಿಗಂತೂ ಹುಟ್ಟಿದಾಗಿನಿಂದ ಅವಳು ಸೊಳ್ಳೆ ಅತ್ತೆ.

ಭಾವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಮಾತ್ರ ಗುಬ್ಬಿಯ ಹುಟ್ಟುಹಬ್ಬದಲ್ಲಿ ನಾನು ಹೇಳಿದ ಮಾತು. ಅವತ್ತು ನೆಂಟರೊಬ್ಬರು, ನಿಮಗೆ ಮಕ್ಕಳು ಯಾವಾಗ ಅಂತ ಎಲ್ಲರೆದುರೇ ಕೇಳಿದ್ದರು. ಬೇಡಪ್ಪ, ಸೊಳ್ಳೆ ಮೊಟ್ಟೆ ಇಟ್ಟರೆ ಮನೆಗೆಲ್ಲಾ ಹೊಗೆ ಹಾಕಿಸಬೇಕಾಗುತ್ತದೆ ಅಂದಿದ್ದೆ. ಭಾವನ ಬಾಯಿಂದ ಕಾಫಿ ಮೂಗಿಗೇರಿತ್ತು. ಕೇಳಿದವರ ಬಾಯಿಯೂ ಮುಚ್ಚಿತು, ಜನರೂ ನಕ್ಕರು. ಇವಳು ಅವತ್ತು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾ ಬಹಳ ಹೊತ್ತು ನಿಂತಿದ್ದಳು. ಕೆಲಸದವಳು ಇದ್ದಳು, ತೊಳೆಯುವ ಅಗತ್ಯವಿರಲಿಲ್ಲ.

ನಾಟಕದಲ್ಲಿ ಅವಳು ಗಟ್ಟಿಗಿತ್ತಿ. "ರೀ, ಬಿಸಿಲು, ಟೋಪಿ ಹಾಕ್ಕೊಳ್ಳಿ" ಅಂತ ಎಲ್ಲರೆದುರು ಎಷ್ಟು ಸಲೀಸಾಗಿ ಅಂದಳು. ಮನೆಯಲ್ಲಿ ಈಗ ನನಗೆ ಯಾವ ಹೆಸರೂ ಇಲ್ಲ. ಗೋಡೆಗೆ ಹೇಳಿದಂತೆ, ಹಾಲು ಬಂದಿದೆ, ಕರೆಂಟ್ ಬಿಲ್ಲು ಬಂದಿದೆ ಅನ್ನುತ್ತಾಳೆ. ನಾನೂ ತಮಾಷೆ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅನುಮಾನ ಬರುವುದಿಲ್ಲವೇ?

ಮಾರ್ಚ್ ೧೨

ಹೊಸ ಮನೆ ಕಟ್ಟಿಸುವ ಗಂಡ ಹೆಂಡತಿ ಅಂಗಡಿಗೆ ಬಂದಿದ್ದರು. ಅವರಿಗೆ ಬಚ್ಚಲಿನ ಟೈಲ್ಸ್ ಬಣ್ಣದಲ್ಲಿ ಒಮ್ಮತವಿಲ್ಲ. ಇಂಥ ಹೊತ್ತಿಗೆ ನನ್ನ ಬಳಿ ಹಳೆಯ ಮದ್ದು ಇದೆ. ಬಚ್ಚಲಿಗೆ ಹೆಂಗಸರು ಹೇಳಿದ ಬಣ್ಣವೇ ಹಾಕಿಸಿ ಸಾರ್, ಅಳುವುದಕ್ಕೆ ಹೋಗಿ ಕೂರುವವರು ನಾವು, ಯಾವ ಬಣ್ಣವಾದರೇನು, ನಮ್ಮನೆಯಲ್ಲೂ ಇದೇ ಕತೆ ಅಂದೆ. ಗಂಡ ನಕ್ಕ. ಹೆಂಡತಿ ನಗದೆ ನನ್ನನ್ನೇ ನೋಡಿ, "ನಿಮ್ಮ ಮನೆಯವರಿಗೆ ಗೊತ್ತಾ, ನೀವು ಹೀಗೆ ಹೇಳ್ತೀರಿ ಅಂತ?" ಅಂದಳು.

ಟೈಲ್ಸ್ ಮಾರಾಟವಾಯಿತು. ಬೂದು ಬಣ್ಣ. ಕೆಲವರಿಗೆ ಹಾಸ್ಯಪ್ರಜ್ಞೆಯೇ ಇರುವುದಿಲ್ಲ.

ಮಾರ್ಚ್ ೨೩, ಭಾನುವಾರ

ಪ್ರಾಣಿಗಳ ಉದ್ಯಾನ. ಅಪ್ಪ ಜಿರಾಫೆಯ ಮುಂದೆ ಅರ್ಧ ಗಂಟೆ ನಿಂತರು. ಅದರ ರೆಪ್ಪೆ ಕೂಡ ಕಾಣುತ್ತಿದೆ ಅಂತ ಇವಳನ್ನು ಕರೆದು ಕರೆದು ತೋರಿಸಿದರು. ಕಣ್ಣಿಗೆ ಹನಿ ಹಾಕಲು ಪೊರೆ ತೆಗೆಸಿದ ತಿಂಗಳೆಲ್ಲಾ ಬೆಳಗ್ಗೆ ಬೆಳಗ್ಗೆ ಹೋಗುತ್ತಿದ್ದವಳು ಅವಳು, ಅದಕ್ಕೇ ಇರಬೇಕು. ಇವಳು ಎಲ್ಲಾ ಸಲವೂ ಹೌದಾ ಮಾವ ಅಂತ ಹೊಸದಾಗಿ ನೋಡಿದಳು.

ಕೋತಿಗಳ ಹತ್ತಿರ ಗುಬ್ಬಿ ಅವಳನ್ನು ಬರೀ ಅತ್ತೆ ಅಂತ ಕರೆದಳು. ಸೊಳ್ಳೆ ಎಲ್ಲಿ ಹಾರಿಹೋಯಿತು ಅಂತ ಕೇಳಿದೆ. ಹುಡುಗಿ ಐಸ್‌ಕ್ರೀಮ್ ನೆಕ್ಕುತ್ತಾ, "ಅತ್ತೆ ಹಾಗೆ ಕರೀಬೇಡ ಅಂದ್ರು ಮಾವ. ಇಷ್ಟ ಇಲ್ವಂತೆ" ಅಂದಳು.

ಹನ್ನೊಂದು ವರ್ಷ ಇಲ್ಲದ ಬೇಸರ ಈಗ ಎಲ್ಲಿಂದ ಬಂತು? ಇಷ್ಟವಿಲ್ಲ ಅಂತ ನನಗೆ ಒಂದು ದಿನ ಹೇಳಿದ್ದಳೇ? ಎಂಟು ವರ್ಷದ ಹುಡುಗಿಗೆ ಹೇಳಬಹುದು, ಗಂಡನಿಗೆ ಹೇಳಬಾರದು. ಯಾರೂ ನನ್ನನ್ನು ಏನೂ ಅಂದಿರಲಿಲ್ಲ, ಆದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಆಮೇಲೆ ಇಡೀ ದಿನ ಕೋತಿಗಳ ಬಗ್ಗೆಯೇ ತಮಾಷೆ ಮಾಡಿದೆ. ಅವುಗಳಿಂದ ಇನ್ನೂ ದೂರು ಬಂದಿಲ್ಲ.

ಏಪ್ರಿಲ್ ೨

ಅಂಗಡಿಯವರು ವರ್ಷಕ್ಕೊಮ್ಮೆ ನಮಗೆಲ್ಲಾ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಎಲ್ಲಿ ಬೇಕಾದರೂ ಮಾಡಿಸಬಹುದು. ನಾನು ಅವಳ ಲ್ಯಾಬಿಗೆ ಹೋದೆ, ಹತ್ತಿರವಾಗುತ್ತದೆ ಅಂತ. ಎರಡು ಬಸ್ ಬದಲಾಯಿಸಬೇಕು ನಿಜ, ಆದರೆ ಇಳಿದ ಮೇಲೆ ಹತ್ತಿರ.

ನನ್ನ ಮುಂದೆ ಒಬ್ಬ ಮುದುಕ. ಸೂಜಿ ಕಂಡೇ ಬೆವರುತ್ತಿದ್ದ. ಇವಳು ಸ್ಟೂಲ್ ಎಳೆದುಕೊಂಡು ಕೂತು, ತಾತ ನಿಮ್ಮ ಮನೆಯ ನಾಯಿ ಈಗ ಯಾರ ಮಾತು ಕೇಳುತ್ತದೆ ಅಂದಳು. ಅವನ ಮನೆಯಲ್ಲಿ ನಾಯಿ ಇದೆ ಅಂತ ಅವಳಿಗೆ ಹೇಗೆ ಗೊತ್ತೋ, ಪ್ಯಾಂಟಿಗೆ ಹತ್ತಿದ ಕೂದಲು ನೋಡಿರಬೇಕು. ಅವನು ನಾಯಿಯ ಪುರಾಣ ಶುರು ಮಾಡಿದ. ಸೊಸೆಯ ಮಾತು ಮಾತ್ರ ಕೇಳುತ್ತದೆ ಅನ್ನುವಷ್ಟರಲ್ಲಿ ರಕ್ತ ತೆಗೆದಾಗಿತ್ತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಮುದುಕನಿಗೆ ಗೊತ್ತೇ ಆಗಲಿಲ್ಲ. ಇನ್ನೂ ಯಾವಾಗಮ್ಮಾ ಚುಚ್ಚೋದು ಅಂದ.

ನಾನು ಇಷ್ಟು ವರ್ಷ ಅವಳ ಕೆಲಸದ ಬಗ್ಗೆ ಎಷ್ಟೊಂದು ಮಾತು ಕಟ್ಟಿದ್ದೇನೆ. ಕೆಲಸ ನೋಡಿದ್ದು ಇವತ್ತೇ.

ನನ್ನ ಸರದಿ ಬಂತು. ಮುಷ್ಟಿ ಬಿಗಿ ಮಾಡಿ ಅಂದಳು, ಹತ್ತಿಯಿಂದ ಒರೆಸಿದಳು. ನನ್ನ ನಾಯಿಯ ಬಗ್ಗೆ ಏನೂ ಕೇಳಲಿಲ್ಲ. ನಾಲಿಗೆ ತುದಿಗೆ ಒಂದು ಮಾತು ಬಂದಿತ್ತು, ಪಕ್ಕದಲ್ಲಿ ಕೇಳಲು ಇಬ್ಬರು ಹುಡುಗಿಯರೂ ಇದ್ದರು. ಯಾಕೋ ನುಂಗಿಕೊಂಡೆ. ನೋವಾಯಿತು, ಅವಳ ಕೈಯಿಂದಲ್ಲ.

ಏಪ್ರಿಲ್ ೬, ಭಾನುವಾರ

ಬೆಟ್ಟದ ಮೇಲಿನ ತೋಟ. ಹುಲ್ಲಿನ ಮೇಲೆ ಜಮಖಾನ ಹಾಸಿ ಕೂತೆವು. ಏನಪ್ಪಾ, ಬಾಯಿಗೆ ಬೀಗ ಹಾಕಿಸಿಕೊಂಡು ಬಂದಿದ್ದೀಯಾ, ನನ್ನ ಹತ್ತಿರ ಬಂದಿದ್ದರೆ ಹಲ್ಲು ಕಿತ್ತು ಕಳಿಸುತ್ತಿದ್ದೆ ಅಂತ ಭಾವ ಕೆಣಕಿದರು. ಹುಷಾರಿಲ್ಲವೇನೋ ಅಂತ ಅಮ್ಮ ಹಣೆ ಮುಟ್ಟಿದಳು. ಕೊನೆಗೆ ಭಾವ, ಪಕ್ಕದ ಜಮಖಾನದಲ್ಲಿದ್ದ ಅವರ ಸ್ನೇಹಿತರಿಗೆ ನನ್ನನ್ನು ತೋರಿಸಿ, "ಆ ಮೊಟ್ಟೆದು ಹೇಳೋ ಇವರಿಗೆ" ಅಂದರು.

ಶುರು ಮಾಡಿದೆ. ಗುಬ್ಬಿಯ ಹುಟ್ಟುಹಬ್ಬ, ನೆಂಟರು ಕೇಳಿದ್ದು, ಎಲ್ಲಾ ಹೇಳಿದೆ. ಇವಳು ಕಿತ್ತಳೆ ಸುಲಿಯುತ್ತಿದ್ದಳು. ಸುಲಿದದ್ದನ್ನು ಅಪ್ಪನ ಕೈಗೆ ಕೊಟ್ಟು ಇನ್ನೊಂದು ತೆಗೆದುಕೊಂಡಳು. ಮುಖ್ಯವಾದ ಮಾತಿಗೆ ಬಂದಾಗ ನನಗೆ ಮುಂದೆ ಹೋಗಲು ಆಗಲಿಲ್ಲ. ಮರೆತುಹೋಯಿತು ಅಂದೆ.

ಅದಕ್ಕೂ ನಕ್ಕರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುವುದು ನನ್ನನ್ನು ನೋಡಿಯೇ ಇರಬೇಕು.

ಏಪ್ರಿಲ್ ೧೪

ಅವಳು ಹೋಗಲಿರುವ ಕೋಣೆಗೆ ಇವತ್ತು ಹೋಗಿದ್ದೆ. ಬಚ್ಚಲಿನ ನೀರು ಕೋಣೆಯೊಳಕ್ಕೆ ಬರುತ್ತದೆ, ಗೊತ್ತಿರುವ ಕೆಲಸದವರು ಇದ್ದರೆ ಹೇಳಿ ಅಂತ ಗೋಡೆಗೆ ಹೇಳುವ ದನಿಯಲ್ಲೇ ಕೇಳಿದ್ದಳು. ನಾನೇ ಬರುತ್ತೇನೆ ಅಂದೆ. ಟೈಲ್ಸ್ ಮಾರುವವನ ಹೆಂಡತಿಯ ಬಚ್ಚಲು ಸೋರಿದರೆ ಮರ್ಯಾದೆ ಯಾರದು ಹೋಗುವುದು?

ಮೂರನೇ ಮಹಡಿ, ಒಂದು ಕಿಟಕಿ, ಒಂದು ಮಂಚ. ಬಚ್ಚಲಿನ ಇಳಿಜಾರು ಸರಿಯಾಗಿಯೇ ಇತ್ತು, ಟೈಲ್ಸ್ ಸಂದಿಗೆ ತುಂಬಿದ್ದ ಸಿಮೆಂಟು ಉದುರಿ ಹೋಗಿತ್ತು. ಹಳೆಯದನ್ನೆಲ್ಲಾ ಕೆರೆದು ತೆಗೆದು ಹೊಸದು ತುಂಬಿದೆ. ಮಂಡಿಯೂರಿ ಕೂತು ಒಂದೊಂದೇ ಸಂದಿ. ಇಷ್ಟು ಅಚ್ಚುಕಟ್ಟಾಗಿ ನಮ್ಮ ಮನೆಯ ಬಚ್ಚಲಿಗೂ ಮಾಡಿರಲಿಲ್ಲ.

ಅವಳು ಟೀ ಮಾಡಿದಳು. ಸಕ್ಕರೆ ಇನ್ನೂ ತಂದಿರಲಿಲ್ಲ. ಕಿಟಕಿಯ ಕೆಳಗೆ ಒಬ್ಬ ಇಸ್ತ್ರಿಯವನು ತನ್ನದೇ ಅಂಗಿಯನ್ನು ಮೈಮೇಲೆ ಹಾಕಿಕೊಂಡೇ ನೀರು ಚಿಮುಕಿಸಿ ಎಳೆದೆಳೆದು ಸರಿ ಮಾಡಿಕೊಳ್ಳುತ್ತಿದ್ದ. ವೈದ್ಯನ ಮನೆಯಲ್ಲೇ ಔಷಧಿ ಇಲ್ಲ ಅಂದೆ. ಅವಳು ನಕ್ಕಳು. ನಾಟಕದ ನಗುವಲ್ಲ, ಟೀ ಚೆಲ್ಲಿತು. ಅವಳ ಮೇಲೆ ಒಂದು ಮಾತೂ ಇರಲಿಲ್ಲ ಅದರಲ್ಲಿ. ಅವಳ ಮುಂದಿನ ಹಲ್ಲು ಸ್ವಲ್ಪ ಸೊಟ್ಟ ಅನ್ನುವುದನ್ನು ನಾನು ಮರೆತೇಬಿಟ್ಟಿದ್ದೆ.

ನಾಳೆಯವರೆಗೆ ನೀರು ತಾಗಿಸಬೇಡ ಅಂತ ಹೇಳಿ ಬಂದೆ. ಸರಿಯಾಗಿ ಗಟ್ಟಿಯಾಗದೆ ಹೋದರೆ ಇನ್ನೊಂದು ಸಲ ಹೋಗಬೇಕಾಗುತ್ತದೆ. ಸರಿಯಾಗಿಯೇ ಆಗುತ್ತದೆ, ನನ್ನ ಕೈಕೆಲಸ ಕೆಟ್ಟದ್ದಲ್ಲ. ಅದೇ ತೊಂದರೆ.

ಏಪ್ರಿಲ್ ೨೧

ಅಕ್ಕ ಫೋನ್ ಮಾಡಿದ್ದಳು. ಸಮಾರಂಭದಲ್ಲಿ ಕೇಕ್ ಕತ್ತರಿಸಿದ ಮೇಲೆ ನಾನು ಮಾತಾಡಬೇಕಂತೆ. "ನೀನು ಮಾತಾಡದೆ ಇದ್ರೆ ಅದು ಸಮಾರಂಭನೇ ಅಲ್ಲ ಕಣೋ, ಜನ ಕೇಕ್‌ಗೆ ಬರ್ತಾರಾ?" ಅಂದಳು.

ಎಷ್ಟೋ ಹೊತ್ತು ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಅಪ್ಪ ಅಮ್ಮನ ಬಗ್ಗೆ ಎರಡು ಮಾತು, ಉಳಿದದ್ದೆಲ್ಲಾ ಅವಳ ಬಗ್ಗೆ. ಎಲ್ಲರೆದುರು, ಮೈಕಿನಲ್ಲಿ. ಕಣ್ಣಿಗೆ ಹನಿ ಹಾಕಿದ್ದು, ಆ ಮುದುಕನ ನಾಯಿ, ಅಮ್ಮ ಜಾರಿ ಬಿದ್ದ ವರ್ಷ ಅವಳೇ ತಲೆ ಬಾಚುತ್ತಿದ್ದದ್ದು. ಮನೆಯಲ್ಲಿ ಕೂತು ಹೇಳಿದರೆ ಆಗದೇ ಅಂತ ಒಂದು ಮನಸ್ಸು ಅನ್ನುತ್ತದೆ. ಮನೆಯಲ್ಲಿ ಹೇಳಲು ನನಗೆ ಬರುವುದಿಲ್ಲ. ನನಗೆ ಮಾತು ಹೊರಡಲು ಹತ್ತು ಜನ ಬೇಕು. ಅವಳ ಬಗ್ಗೆ ಆಡಿದ್ದೆಲ್ಲಾ ಜನರೆದುರೇ ಆಡಿದ್ದು, ಇದನ್ನೂ ಅಲ್ಲೇ ಆಡಿದರೆ ಲೆಕ್ಕ ಸರಿ.

ಕೇಳಿದ ಮೇಲೆ ಅವಳು ನಿಲ್ಲಬಹುದು. ಆ ಟೀ ಚೆಲ್ಲಿದ ನಗು ಸುಳ್ಳಲ್ಲ. ಅವಳು ಹೋಗಬಾರದು. ಬರೆದಾಯಿತು, ಇನ್ನು ಇದನ್ನು ಹೊಡೆದುಹಾಕುವುದಿಲ್ಲ.

ಮೇ ೨

ಅಂಗಡಿಯಲ್ಲಿ ಕನ್ನಡಿಗಳ ವಿಭಾಗ ಖಾಲಿಯಿತ್ತು. ಎಲ್ಲಾ ಕನ್ನಡಿಗಳ ಮುಂದೆ ನಿಂತು ಹೇಳಿ ನೋಡಿದೆ. ಅಭ್ಯಾಸ ಬಲ, ಹುಬ್ಬು ತಾನಾಗಿಯೇ ಮೇಲೇರುತ್ತದೆ. ಹುಬ್ಬು ಇಳಿಸಿಕೊಂಡು ಹೇಳಿದರೆ ನಾನು ನಾನಾಗಿ ಕಾಣುವುದಿಲ್ಲ, ಯಾರೋ ಸಾಲ ಕೇಳಲು ಬಂದವನ ಹಾಗೆ ಕಾಣುತ್ತೇನೆ. ಮಾಲೀಕರು ಬಂದು, ಏನು ನಿಮ್ಮ ಮುಖ ನೀವೇ ಕೊಂಡುಕೊಳ್ಳುತ್ತಿದ್ದೀರಾ ಅಂದರು.

ಮೇ ೫, ಸೋಮವಾರ

ನಿನ್ನೆ ಸಮಾರಂಭ. ಅಂಗಡಿಗೆ ರಜೆ ಹಾಕಿ ಕೂತು ಬರೆಯುತ್ತಿದ್ದೇನೆ.

ಹಾಲ್ ತುಂಬಿತ್ತು. ಅಪ್ಪನ ಅಂಚೆಯ ಗೆಳೆಯರು, ಅಕ್ಕಪಕ್ಕದವರು, ಭಾವನ ಕಡೆಯವರು. ಇವಳು ಅಮ್ಮನ ಪಕ್ಕದಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಳು, ನೀಲಿ ಸೀರೆ. ಕೇಕ್ ಆಯಿತು, ಫೋಟೋ ಆಯಿತು. ಮೈಕ್ ನನ್ನ ಕೈಗೆ ಬರುವ ಮೊದಲೇ ಹಿಂದಿನ ಸಾಲಿನವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ಅಪ್ಪ ಅಮ್ಮನ ಬಗ್ಗೆ ಹೇಳಿದ್ದು ಚೆನ್ನಾಗಿಯೇ ಹೋಯಿತು. ಆಮೇಲೆ, ಈಗ ನನ್ನ ಹೆಂಡತಿಯ ಬಗ್ಗೆ ಎರಡು ಮಾತು ಅಂದೆ. ಅಷ್ಟಕ್ಕೇ ನಗುವಿನ ಒಂದು ಅಲೆ ಎದ್ದಿತು. ತಡೆದು ನಿಂತು, ಇವಳಿಗಿಂತ ಒಳ್ಳೆಯ ಮನುಷ್ಯರನ್ನು ನಾನು ನೋಡಿಲ್ಲ ಅಂದೆ. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಅಂಚೆಯ ಮುದುಕರೊಬ್ಬರು ಮೇಜು ಗುದ್ದಿದರು.

ಅಪ್ಪನ ಕಣ್ಣಿಗೆ ದಿನಾ ಬೆಳಗ್ಗೆ ಬಂದು ಹನಿ ಹಾಕಿದವಳು ಇವಳು ಅಂದೆ. ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಭಾವ ಎದ್ದು ನಿಂತು, "ಹಾಕಿದ್ದು ಹನಿ ಸರಿ, ಹೀರಿದ್ದು ಎಷ್ಟು ಅದನ್ನ ಹೇಳು" ಅಂತ ಕೂಗಿದರು. ನನ್ನ ಮಾತಿಗೆ ಬಾಲ ಅವರೇ ಕಟ್ಟಿಕೊಟ್ಟರು. ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ, ಕಲಿಯದೆ ಇರುತ್ತಾರೆಯೇ. ತಮಾಷೆ ಮಾಡುತ್ತಿಲ್ಲ ಅಂದೆ. ಅದಂತೂ ನಾನು ಯಾವಾಗಲೂ ಹೇಳುವ ಮಾತು, ಇನ್ನೂ ಜೋರಾಗಿ ನಕ್ಕರು. ನಾನು ಅವಳಿಗೆ ತಕ್ಕವನಲ್ಲ ಅಂದೆ. ಚಪ್ಪಾಳೆ ಹೊಡೆದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ನಕ್ಕು ನಕ್ಕು ಬಂದ ನೀರು. ಬರೆದುಕೊಂಡು ಹೋದದ್ದರಲ್ಲಿ ಇನ್ನೂ ಅರ್ಧ ಉಳಿದಿತ್ತು. ಮುದುಕನ ನಾಯಿ ಅಂತ ಶುರು ಮಾಡಿದರೆ ಏನಾಗುತ್ತದೆ ಅಂತ ಗೊತ್ತಿತ್ತು. ಮೈಕ್ ಕೆಳಗಿಟ್ಟೆ.

ಜನಕ್ಕೆ ಕಿವಿ ಇಲ್ಲ. ಅವಳ ಕಡೆ ನೋಡಿದೆ. ಫೋಟೋದವನು ಎದುರಿಗಿದ್ದ, ಅವಳು ಮುಗುಳ್ನಗುತ್ತಿದ್ದಳು.

ಮನೆಗೆ ಬಂದ ಮೇಲೆ ಅವಳು ಬಳೆ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ಬಾಗಿಲಲ್ಲಿ ನಿಂತು, ನಾನು ಇವತ್ತು ಹೇಳಿದ್ದು ತಮಾಷೆ ಅಲ್ಲ ಅಂದೆ. ಅಷ್ಟು ಹೇಳಲು ನನಗೆ ಜನ ಬೇಕಾಗಲಿಲ್ಲ.

"ಗೊತ್ತಾಯ್ತು" ಅಂದಳು.

"ಗೊತ್ತಾಯ್ತಾ?"

"ಮೊದಲನೇ ಮಾತಿಗೇ ಗೊತ್ತಾಯ್ತು ರೀ. ಅವರೆಲ್ಲಾ ನಕ್ಕಿದ್ದಕ್ಕೆ ನನಗೇನೂ ಅನ್ನಿಸಲಿಲ್ಲ, ನಿಮ್ಮ ಮುಖ ನೋಡಿದ್ರೆ ಪಾಪ ಅನ್ನಿಸ್ತು."

ನನಗೆ ಜೀವ ಬಂತು. ಒಳಗೆ ಹೋಗಿ ಮಂಚದ ಮೇಲೆ ಕೂತೆ. ಅವಳು ಕೊನೆಯ ಬಳೆ ತೆಗೆದು ಡಬ್ಬಿ ಮುಚ್ಚಿದಳು.

"ಆದ್ರೆ ನೀವು ಮೈಕ್ ಕೆಳಗಿಡೋವರೆಗೂ ನಾನು ಉಸಿರು ಬಿಗಿಹಿಡಿದುಕೊಂಡೇ ಕೂತಿದ್ದೆ. ಎಲ್ಲಿ ಕೊನೇಲಿ ಒಂದು ತಮಾಷೆ ಬರುತ್ತೋ ಅಂತ. ನಿಜ ಹೇಳ್ತಿದೀರಿ ಅಂತ ಗೊತ್ತಿದ್ದೂ ಹಾಗೇ ಕೂತಿದ್ದೆ. ಇನ್ನು ಹಾಗೆ ಕೂರೋದು ನನ್ನ ಕೈಲಿ ಆಗಲ್ಲ."

ಸಿಟ್ಟಿನಿಂದ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ. ರೋಗಿಗಳ ಹತ್ತಿರ ಆಡುವ ದನಿಯಲ್ಲಿ ಹೇಳಿದಳು. ಇವತ್ತು ಬೆಳಗ್ಗೆ ಅವಳ ಪೆಟ್ಟಿಗೆ ಕೆಳಗಿಳಿಸಲು ಕೈ ಜೋಡಿಸಿದೆ. ಆಟೋದವನು, ಪ್ರವಾಸಾನಾ ಸಾರ್ ಅಂದ. ಹೌದು ಅಂದೆ.

ಮೇ ೧೧, ಭಾನುವಾರ

ಅಪ್ಪನ ಮನೆಗೆ ಹೋಗಿ ಹೇಳಿದೆ. ಅಕ್ಕ ಭಾವನೂ ಬಂದಿದ್ದರು, ಫೋಟೋ ನೋಡುತ್ತಿದ್ದರು. ಅವಳು ಬೇರೆ ಹೋಗಿದ್ದಾಳೆ, ಇನ್ನು ಬರುವುದಿಲ್ಲ ಅಂದೆ. ಒಂದೇ ಸಲಕ್ಕೆ, ಹುಬ್ಬು ಇಳಿಸಿಕೊಂಡು. ಅಕ್ಕ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ ಫೋಟೋ ಕೆಳಗಿಟ್ಟಳು. ಅಪ್ಪ ಕಿಟಕಿಯ ಕಡೆ ತಿರುಗಿ ಕೂತರು.

ಯಾಕೆ ಅಂತ ಯಾರಾದರೂ ಕೇಳುತ್ತಾರೆ ಅಂದುಕೊಂಡಿದ್ದೆ. ಯಾರೂ ಕೇಳಲಿಲ್ಲ. ಅಮ್ಮ ಮಾತ್ರ, "ಏನಂದೆ ಅವಳಿಗೆ?" ಅಂದಳು.

"ಹೊಗಳಿದೆ" ಅಂದೆ.

ಭಾವ ನಕ್ಕುಬಿಟ್ಟರು. ಆಮೇಲೆ ಬಾಯಿ ಮುಚ್ಚಿಕೊಂಡರು.